ಮುಂದಿನ ವರ್ಷದ ಪ್ರಚಾರಕ್ಕೆ ಯೋಜನೆ: ಇಬ್ಬರೇ ಇರುವ ವರ್ಕ್‌ಶಾಪು ಎಲ್ಲಿಂದ ಶುರು ಮಾಡಬೇಕು?

ಬೆತ್ತದ_ಕುರ್ಚಿ:

ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ ಸೇರಿ ಹಳೆಯ ಪೀಠೋಪಕರಣ ದುರಸ್ತಿ ಮಾಡುವ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇವೆ. ಅಲ್ಲಾಡುವ ಕುರ್ಚಿ ಬಿಗಿ ಮಾಡುವುದು, ಮೇಜು ಮಂಚಗಳಿಗೆ ಪಾಲಿಶ್, ಸೋಫಾದ ಫೋಮು ಬಟ್ಟೆ ಬದಲಾಯಿಸುವುದು, ಬೆತ್ತದ ಕುರ್ಚಿಗೆ ಹೊಸದಾಗಿ ಹೆಣಿಗೆ ಹಾಕುವುದು, ಇಷ್ಟು ನಮ್ಮ ಕೆಲಸ. ಮರದ ಕೆಲಸ ತಮ್ಮನದು. ಹೆಣಿಗೆ, ಕುಶನ್, ಲೆಕ್ಕ, ಫೋನು ನನ್ನದು.

ಗಿರಾಕಿಗಳು ಬರುವುದು ಬಾಯಿಂದ ಬಾಯಿಗೆ. ಕಷ್ಟ ಏನೆಂದರೆ ಬಂದರೆ ಎಲ್ಲ ಒಟ್ಟಿಗೆ ಬರುತ್ತಾರೆ, ಇಲ್ಲವಾದರೆ ಇಲ್ಲವೇ ಇಲ್ಲ. ಜನ ಮನೆ ಬದಲಾಯಿಸುವ ತಿಂಗಳುಗಳಲ್ಲಿ ನಮ್ಮಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗ ಹೊಸಬರಿಗೆ "ಸ್ವಲ್ಪ ದಿನ ಬಿಟ್ಟು ಬನ್ನಿ" ಅಂತ ಹೇಳಿ ಕಳಿಸುತ್ತೇವೆ, ಅವರಲ್ಲಿ ತಿರುಗಿ ಬರುವವರು ಕಡಿಮೆ. ಮಳೆ ಹಿಡಿದ ಮೇಲೆ ಪಾಲಿಶ್ ಕೆಲಸವೇ ನಿಂತ ಹಾಗೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಪಾಲಿಶ್ ಒಣಗುವಾಗ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಅದನ್ನು ತೆಗೆದು ಮತ್ತೆ ಹಚ್ಚಬೇಕು.

ಈಗ ಒಬ್ಬರು ವರ್ಷದ ಪ್ಯಾಕೇಜ್ ಹಿಡಿದುಕೊಂಡು ಬಂದಿದ್ದಾರೆ. ತಿಂಗಳಿಗೆ ಇಷ್ಟು ಪೋಸ್ಟ್, ಇಷ್ಟು ರೀಲ್ಸ್, ವಿಶೇಷ ದಿನಗಳಿಗೆ ಶುಭಾಶಯದ ಪೋಸ್ಟರ್. ತಮ್ಮನಿಗೆ ಒಪ್ಪಿಗೆ ಇದೆ. ನನಗೆ ಮನಸ್ಸು ಬರುತ್ತಿಲ್ಲ, ಆದರೆ ಬೇಡ ಅನ್ನಬೇಕಾದರೆ ನನ್ನ ಹತ್ತಿರ ಬೇರೆ ಯೋಜನೆ ಇರಬೇಕಲ್ಲ. ಹನ್ನೆರಡು ತಿಂಗಳ ಹೆಸರು ಬರೆದು ಮನೆಗಳನ್ನು ಗೀಚಿಟ್ಟಿದ್ದೇನೆ, ಒಳಗೆ ತುಂಬುವುದೇನು ಎಂದು ತಿಳಿಯುತ್ತಿಲ್ಲ. ಎಷ್ಟು ಖರ್ಚು ಮಾಡಬೇಕು, ಯಾವುದಕ್ಕೆ, ಯಾವಾಗ? ಸ್ವಂತ ಕೆಲಸದಲ್ಲಿ ಮಾಡಿ ನೋಡಿದವರು ಹೇಳಿದರೆ ಉಪಕಾರವಾಗುತ್ತದೆ.

ಅಚ್ಚುಮೊಳೆ:

ಮೇಡಂ, ನನ್ನದು ಪ್ರಿಂಟಿಂಗ್ ಪ್ರೆಸ್, ಜೊತೆಗೆ ಬೈಂಡಿಂಗ್. ಬೇರೆಯವರ ಪ್ರಚಾರವನ್ನು ಅಚ್ಚು ಹಾಕಿಕೊಟ್ಟೇ ಇಷ್ಟು ವರ್ಷ ಬದುಕಿದ್ದೇನೆ. ಯಾರು ಯಾವಾಗ ಏನನ್ನು ಅವಸರದಲ್ಲಿ ಮಾಡಿಸುತ್ತಾರೆ, ಅದರಲ್ಲಿ ಎಷ್ಟು ಕಟ್ಟು ಬಿಚ್ಚದೆಯೇ ಉಳಿಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಆ ಹನ್ನೆರಡು ಮನೆಗಳ ಹಾಳೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಹೋದ ವರ್ಷದ ಬಿಲ್ ಪುಸ್ತಕ ತೆಗೆಯಿರಿ. ತಮ್ಮನನ್ನೂ ಕೂರಿಸಿಕೊಳ್ಳಿ, ಏಕೆಂದರೆ ಕೆಲವು ಸಂಗತಿ ಅವರಿಗೆ ಮಾತ್ರ ನೆನಪಿರುತ್ತದೆ. ಒಂದೊಂದು ಬಿಲ್ಲಿನ ಮುಂದೆಯೂ ಬರೆಯುತ್ತಾ ಹೋಗಿ: ಯಾವ ತಿಂಗಳು, ಯಾವ ಬಗೆಯ ಕೆಲಸ, ಗಿರಾಕಿ ಯಾರ ಮೂಲಕ ಬಂದರು, ಸಾಮಾನು ಎಷ್ಟು ದಿನ ನಿಮ್ಮ ನೆಲದ ಮೇಲೆ ಇತ್ತು, ಸರಕು ಕೂಲಿ ಕಳೆದು ಕೈಯಲ್ಲಿ ಏನು ಉಳಿಯಿತು.

ನೆಲದ ಮೇಲೆ ಎಷ್ಟು ದಿನ ಎಂಬುದನ್ನು ಯಾರೂ ಬರೆಯುವುದಿಲ್ಲ. ನಿಮ್ಮಂಥ ಕೆಲಸದಲ್ಲಿ ಅದೇ ಮುಖ್ಯ. ದೊಡ್ಡ ಊಟದ ಮೇಜು, ಆರು ಕುರ್ಚಿ ಬಂದರೆ ಬಿಲ್ಲಿನ ಮೊತ್ತ ದೊಡ್ಡದಾಗಿ ಕಾಣುತ್ತದೆ. ಆದರೆ ಅದು ಅರ್ಧ ವರ್ಕ್‌ಶಾಪ್ ಹಿಡಿದುಕೊಂಡು ಕೂತ ದಿನಗಳಲ್ಲಿ ಎಷ್ಟು ಚಿಕ್ಕ ಕೆಲಸ ಹೊರಗೆ ಹೋಯಿತು? ಉಳಿದ ಹಣವನ್ನು ಜಾಗ ಹಿಡಿದ ದಿನಗಳಿಂದ ಭಾಗಿಸಿ ನೋಡಿ. ಯಾವ ಕೆಲಸಕ್ಕೆ ಪ್ರಚಾರ ಬೇಕು, ಯಾವುದು ತಾನಾಗಿ ಬಂದಷ್ಟೇ ಸಾಕು ಎನ್ನುವುದು ಆ ಲೆಕ್ಕದಲ್ಲೇ ಕಾಣುತ್ತದೆ. ಇದು ತಿಳಿಯದೆ ಪ್ರಚಾರಕ್ಕೆ ಇಳಿದರೆ ಬೇಡದ ಕೆಲಸವೇ ಹೆಚ್ಚು ಬಂದು ಬೀಳುವ ಅಪಾಯ ಇದೆ.

ಯಾರ ಮೂಲಕ ಬಂದರು ಎಂಬುದು ಹಳೆಯ ಬಿಲ್ಲುಗಳಲ್ಲಿ ಬಹಳಷ್ಟು ಖಾಲಿ ಉಳಿಯುತ್ತದೆ, ಉಳಿಯಲಿ. ನಾಳೆಯಿಂದ ಪ್ರತಿ ಹೊಸ ಫೋನಿಗೂ ಕೇಳಿ, ಆದರೆ ಎರಡು ಸಲ ಕೇಳಿ. "ನಮ್ಮ ನಂಬರ್ ಎಲ್ಲಿ ಸಿಕ್ಕಿತು?" ಅಂದರೆ ಹೆಚ್ಚಿನವರು "ಗೂಗಲ್" ಅನ್ನುತ್ತಾರೆ. ಅಲ್ಲಿಗೇ ಬಿಡಬೇಡಿ. "ಅದಕ್ಕೆ ಮೊದಲು ಯಾರಾದರೂ ನಮ್ಮ ಹೆಸರು ಹೇಳಿದ್ರಾ?" ಅಂತ ಕೇಳಿ. ಪಕ್ಕದ ಮನೆಯವರು ಹೇಳಿರುತ್ತಾರೆ, ನಂಬರಿಗೆ ಮಾತ್ರ ಗೂಗಲ್ ನೋಡಿರುತ್ತಾರೆ. ಎರಡನೆಯ ಪ್ರಶ್ನೆ ಕೇಳದಿದ್ದರೆ ಪಕ್ಕದ ಮನೆಯವರ ಕೆಲಸದ ಶ್ರೇಯಸ್ಸು ಜಾಹೀರಾತಿಗೆ ಹೋಗುತ್ತದೆ, ಮುಂದಿನ ವರ್ಷ ದುಡ್ಡೂ ಅಲ್ಲಿಗೇ ಹೋಗುತ್ತದೆ.

ಇನ್ನು ತಿಂಗಳುಗಳ ವಿಷಯ. ಹಿಂದಿನಿಂದ ಎಣಿಸಿಕೊಂಡು ಬನ್ನಿ. ಮನೆ ಬದಲಾಯಿಸುವವರಿಗೆ ಸಾಮಾನು ತಯಾರಿರಬೇಕಾದ ದಿನ ಯಾವುದು? ಅದರಿಂದ ನಿಮ್ಮ ಕೆಲಸದ ದಿನಗಳನ್ನು ಕಳೆಯಿರಿ. ಅವರು ಮನೆಯಲ್ಲಿ ಚರ್ಚೆ ಮಾಡಿ, ಎರಡು ಕಡೆ ವಿಚಾರಿಸಿ ತೀರ್ಮಾನಿಸುವ ದಿನಗಳನ್ನೂ ಕಳೆಯಿರಿ. ಉಳಿಯುವ ದಿನಾಂಕ ಎಲ್ಲಿ ಬೀಳುತ್ತದೋ ನಿಮ್ಮ ಹೆಸರು ಅವರ ಕಣ್ಣಿಗೆ ಬೀಳಬೇಕಾದದ್ದು ಅಲ್ಲಿ. ಅಂದರೆ ನಿಮ್ಮ ಗದ್ದಲದ ತಿಂಗಳಿಗಿಂತ ಬಹಳ ಮುಂಚೆ. ಗದ್ದಲದ ತಿಂಗಳಲ್ಲಿ ಪ್ರಚಾರಕ್ಕೆ ಒಂದು ಪೈಸೆಯೂ ಬೇಡ. ಆ ತಿಂಗಳಲ್ಲಿ ಮಾಡಬೇಕಾದದ್ದು ಕೂಡಿಡುವ ಕೆಲಸ: ಪ್ರತಿ ಸಾಮಾನಿನ ಮೊದಲಿನ ಫೋಟೋ, ಮುಗಿದ ಮೇಲಿನ ಫೋಟೋ, ಗಿರಾಕಿಯ ಎರಡು ಮಾತು, ಫೋನ್ ನಂಬರ್. ಖಾಲಿ ತಿಂಗಳಲ್ಲಿ ತೋರಿಸಲು ಅದೇ ಬಂಡವಾಳ.

ಮತ್ತೆ, "ಸ್ವಲ್ಪ ದಿನ ಬಿಟ್ಟು ಬನ್ನಿ" ಎಂಬ ಮಾತನ್ನು ಇವತ್ತೇ ನಿಲ್ಲಿಸಿ. ಅದರ ಬದಲು ದಿನಾಂಕ ಕೊಡಿ, ಸಣ್ಣ ಮುಂಗಡ ತೆಗೆದುಕೊಳ್ಳಿ, ಪುಸ್ತಕದಲ್ಲಿ ಬರೆದುಕೊಳ್ಳಿ, ಆ ದಿನಕ್ಕೆ ಮುಂಚೆ ನೀವೇ ಫೋನ್ ಮಾಡಿ. ದುಡ್ಡು ಕೊಟ್ಟು ಹೊಸಬರನ್ನು ಹುಡುಕುವುದಕ್ಕಿಂತ ಬಾಗಿಲಿಗೆ ಬಂದವರನ್ನು ಉಳಿಸಿಕೊಳ್ಳುವುದು ಎಷ್ಟೋ ಅಗ್ಗ. ನನ್ನ ಪ್ರಕಾರ ನಿಮ್ಮ ಯೋಜನೆಯ ಮೊದಲ ಸಾಲು ಇದೇ.

ಮಳೆಯ ತಿಂಗಳುಗಳಿಗೆ ಪಾಲಿಶ್ ಮಾತನ್ನೇ ಎತ್ತಬೇಡಿ. ಬೆತ್ತವನ್ನು ಹೇಗೂ ನೀರಿನಲ್ಲಿ ನೆನೆಸಿಯೇ ಹೆಣೆಯುತ್ತೀರಿ, ಕುಶನ್ ಕೆಲಸಕ್ಕೂ ತೇವದ ಕಾಟ ಅಷ್ಟಿಲ್ಲ. ಆ ಎರಡನ್ನೇ ಮುಂದಿಡಿ, ಪಾಲಿಶ್ ಕೇಳಿದವರಿಗೆ ಬಿಸಿಲಿನ ತಿಂಗಳ ದಿನಾಂಕ ಕೊಡಿ.

ಆ ಪ್ಯಾಕೇಜಿನ ಬಗ್ಗೆ ಒಂದು ಮಾತು. ಅಮೆರಿಕದ ಪ್ರಾಧ್ಯಾಪಕ ಇ. ಜೆರೋಮ್ ಮೆಕಾರ್ಥಿ 1960ರಲ್ಲಿ ಮಾರ್ಕೆಟಿಂಗನ್ನು ನಾಲ್ಕು ಭಾಗ ಮಾಡಿ ಹೇಳಿದರು: ಸರಕು, ಬೆಲೆ, ಸ್ಥಳ, ಪ್ರಚಾರ. ಇಂದಿಗೂ ಕಾಲೇಜುಗಳಲ್ಲಿ ಅದನ್ನೇ ಕಲಿಸುತ್ತಾರೆ. ನಿಮಗೆ ಬಂದ ಪ್ಯಾಕೇಜ್ ಈ ನಾಲ್ಕರಲ್ಲಿ ಕೊನೆಯದನ್ನು ಮಾತ್ರ ಮುಟ್ಟುತ್ತದೆ. ಖಾಲಿ ತಿಂಗಳಿಗೆ ಬೇರೆ ದರ ಇಡಬಹುದೇ, ಸಾಮಾನನ್ನು ಮನೆಯಿಂದ ನೀವೇ ತಂದು ಮುಟ್ಟಿಸುವ ಏರ್ಪಾಡು ಮಾಡಬಹುದೇ, ಯಾವ ಕೆಲಸವನ್ನು ಬಿಟ್ಟುಬಿಡಬಹುದು, ಇವೆಲ್ಲ ನೀವಿಬ್ಬರೇ ಕೂತು ತೀರ್ಮಾನಿಸಬೇಕಾದವು. ಮಂಚ ಹೊತ್ತು ತರುವುದು ಹೇಗೆ ಎಂಬ ಚಿಂತೆಯಲ್ಲೇ ಎಷ್ಟೋ ಜನ ದುರಸ್ತಿಯ ಯೋಚನೆ ಬಿಡುತ್ತಾರೆ. ಅಂಥವರಿಗೆ ನೂರು ಪೋಸ್ಟರಿಗಿಂತ "ನಾವೇ ಬಂದು ಒಯ್ಯುತ್ತೇವೆ" ಎಂಬ ಒಂದು ಸಾಲು ಸಾಕು.

ಕರಪತ್ರ ಮಾಡಿಸುವುದಾದರೆ ಪ್ರೆಸ್ಸಿನವನಾಗಿಯೇ ಹೇಳುತ್ತೇನೆ, ಒಮ್ಮೆಲೇ ರಾಶಿ ಮಾಡಿಸಬೇಡಿ. ಆಫ್‌ಸೆಟ್‌ನಲ್ಲಿ ಅಚ್ಚು ಒತ್ತುವ ಪ್ಲೇಟಿನ ಖರ್ಚು 500 ಪ್ರತಿಗೂ ಅಷ್ಟೇ, 5,000 ಪ್ರತಿಗೂ ಅಷ್ಟೇ. ಹಾಗಾಗಿ ಹೆಚ್ಚು ಮಾಡಿಸಿದಷ್ಟೂ ಒಂದೊಂದು ಪ್ರತಿ ಅಗ್ಗವಾಗಿ ಕಾಣುತ್ತದೆ, ಜನ ಆಸೆಗೆ ಬೀಳುತ್ತಾರೆ. ವರ್ಷ ತಿರುಗುವುದರೊಳಗೆ ದರವೋ ನಂಬರೋ ಬದಲಾಗಿರುತ್ತದೆ. ಸ್ವಲ್ಪವೇ ಬೇಕಿದ್ದರೆ ಡಿಜಿಟಲ್ ಪ್ರಿಂಟ್ ಮಾಡಿಸಿ.

ಪಿಕ್ಸೆಲ್_ಪಯಣ:

ಅಕ್ಕ, ನಾನು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಜಾಹೀರಾತು ಮಾಡಿಕೊಡುತ್ತೇನೆ. ಮೇಲಿನ ಸರ್ ಹೇಳಿದ್ದಕ್ಕೆ ನನ್ನ ಕಡೆಯ ನಾಲ್ಕು ವಿಷಯ ಸೇರಿಸುತ್ತೇನೆ.

ಕುರ್ಚಿ ಮುರಿದಾಗಲೇ ಜನ ದುರಸ್ತಿಯವರನ್ನು ಹುಡುಕುವುದು. ಅದಕ್ಕೇ ನಿಮಗೆ ಮೊದಲು ಬೇಕಾದದ್ದು ರೀಲ್ಸ್ ಅಲ್ಲ, ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ನಿಮ್ಮ ವರ್ಕ್‌ಶಾಪಿನ ವಿವರ ತೋರಿಸುವ ಪುಟ. 2021ರ ನವೆಂಬರ್‌ವರೆಗೆ ಇದನ್ನೇ ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು. ಉಚಿತ. ವರ್ಗ ಸರಿಯಾಗಿ ಆರಿಸಿ, ಬೆತ್ತದ ಹೆಣಿಗೆ, ಪಾಲಿಶ್, ಕುಶನ್ ಎಲ್ಲವನ್ನೂ ಬೇರೆ ಬೇರೆ ಸೇವೆಯಾಗಿ ಬರೆಯಿರಿ, ತೆರೆಯುವ ಮುಚ್ಚುವ ಸಮಯ ಸರಿಯಾಗಿ ಹಾಕಿ, ನಿಮ್ಮದೇ ಕೆಲಸದ ಫೋಟೋ ಏರಿಸಿ. ರಜೆ ಇದ್ದರೆ ಆ ದಿನದ ಸಮಯವನ್ನೂ ಬದಲಾಯಿಸಿ, ಬಂದವರು ಬೀಗ ನೋಡಿಕೊಂಡು ಹಿಂದಿರುಗಬಾರದು.

ವಿಮರ್ಶೆಗಳನ್ನು ಕೆಲಸ ಮುಟ್ಟಿಸಿದ ದಿನವೇ ಕೇಳಿ. ಆದರೆ ವಿಮರ್ಶೆ ಬರೆದರೆ ರಿಯಾಯಿತಿ ಅಂತ ಮಾತ್ರ ಹೇಳಬೇಡಿ, ಗೂಗಲ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದಕ್ಕೂ ಇಲ್ಲ. ಎಲ್ಲರನ್ನೂ ಕೇಳಿ. ಬರೆದವರಿಗೆಲ್ಲ ಉತ್ತರ ಕೊಡಿ, ಬೇಸರದಿಂದ ಬರೆದವರಿಗೆ ಇನ್ನೂ ಸಮಾಧಾನವಾಗಿ ಕೊಡಿ. ಹೊಸ ಗಿರಾಕಿಗಳು ನಿಮ್ಮ ಸ್ವಭಾವ ತಿಳಿಯಲು ಓದುವುದು ಆ ಉತ್ತರಗಳನ್ನೇ.

ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರಿಂದ ಇದೆ, ನೀವು ಸಾಮಾನ್ಯ ವಾಟ್ಸಾಪ್ ಬಳಸುತ್ತಿದ್ದರೆ ಬದಲಾಯಿಸಿಕೊಳ್ಳಿ. ಲೇಬಲ್ ಸೌಲಭ್ಯದಲ್ಲಿ "ವಿಚಾರಿಸಿದವರು", "ದಿನಾಂಕ ಕೊಟ್ಟವರು", "ಕೆಲಸ ಮುಗಿದವರು" ಅಂತ ಬೇರೆ ಮಾಡಿ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ, ಅಂದರೆ ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಒಟ್ಟಿಗೆ ಕಳಿಸುವ ಪಟ್ಟಿಯಲ್ಲಿ, 256 ಜನರವರೆಗೆ ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. ಸಾಮಾನು ಕೊಡುವಾಗಲೇ "ನಂಬರ್ ಸೇವ್ ಮಾಡ್ಕೊಳ್ಳಿ, ಪಾಲಿಶ್ ಜೋಪಾನ ಮಾಡೋದು ಹೇಗೆ ಅಂತ ಕಳಿಸ್ತೀನಿ" ಅನ್ನಿ, ಹೇಳಿದಂತೆ ಕಳಿಸಿ.

ದುಡ್ಡು ಕೊಟ್ಟು ಮಾಡುವ ಜಾಹೀರಾತನ್ನು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಬೇಡಿ. ಫೇಸ್‌ಬುಕ್ ಇನ್‌ಸ್ಟಾಗ್ರಾಮ್ ಜಾಹೀರಾತು ವ್ಯವಸ್ಥೆ ಮೊದಲು ಕಲಿಯುವ ಹಂತದಲ್ಲಿರುತ್ತದೆ. ಯಾರಿಗೆ ತೋರಿಸಿದರೆ ಫಲ ಎಂದು ಅದಕ್ಕೆ ಗೊತ್ತಾಗಲು ವಾರಕ್ಕೆ ಸುಮಾರು 50 ಫಲಿತಾಂಶ (ಜಾಹೀರಾತು ನೋಡಿ ಬಂದ ಫೋನು, ಸಂದೇಶದಂಥವು) ಬೇಕು ಎನ್ನುವುದು ಮೆಟಾ ಕಂಪನಿಯೇ ಕೊಟ್ಟಿರುವ ಅಂದಾಜು. ದಿನಕ್ಕೆ ಚಿಲ್ಲರೆ ಹಾಕುತ್ತಾ ಹೋದರೆ ವರ್ಷವಿಡೀ ಆ ಹಂತ ದಾಟುವುದೇ ಇಲ್ಲ. ಸರ್ ಹೇಳಿದ ಹಾಗೆ ಹಿಂದಿನಿಂದ ಎಣಿಸಿ ಸಿಗುವ ಒಂದೆರಡು ಅವಧಿಗಳಲ್ಲಿ ಮಾತ್ರ ಹಾಕಿ.

ಆ ಅವಧಿ ಸರಿಯೇ ಎಂದು ನೋಡಲು ಗೂಗಲ್ ಟ್ರೆಂಡ್ಸ್ ತೆರೆಯಿರಿ. 2004ರಿಂದ ಈಚೆಗೆ ಒಂದು ಪದವನ್ನು ಜನ ಯಾವ ತಿಂಗಳು ಹೆಚ್ಚು ಹುಡುಕಿದ್ದಾರೆ ಎಂಬ ಏರಿಳಿತ ಅಲ್ಲಿ ಕಾಣುತ್ತದೆ. ಅಲ್ಲಿರುವ 0ಯಿಂದ 100ರ ಅಂಕಿ ಹುಡುಕಾಟದ ಸಂಖ್ಯೆಯಲ್ಲ, ಹೋಲಿಕೆಯ ಅಳತೆ. ತೀರಾ ಅಪರೂಪದ ಪದಕ್ಕೆ ಏನೂ ತೋರಿಸದೆಯೂ ಇರಬಹುದು, ಆಗ ನಿಮ್ಮ ಬಿಲ್ ಪುಸ್ತಕವೇ ಗತಿ.

ಸೂಜಿದಾರ:

ನನ್ನದು ಪರದೆ, ಕುಶನ್ ಹೊಲಿಗೆ. ನಿಮ್ಮ ಗಿರಾಕಿ ಪ್ರತಿ ವರ್ಷ ತಿರುಗಿ ಬರುವವರಲ್ಲ, ಒಮ್ಮೆ ರಿಪೇರಿಯಾದ ಕುರ್ಚಿ ವರ್ಷಗಟ್ಟಲೆ ಬರುತ್ತದೆ. ಹಾಗಾಗಿ ಅವರಿಂದ ಸಿಗಬೇಕಾದದ್ದು ಇನ್ನೊಬ್ಬರ ಹೆಸರು. ಮುಟ್ಟಿಸಿ ಕೆಲವು ವಾರ ಆದಮೇಲೆ ಒಂದು ಫೋನ್ ಮಾಡಿ, "ಕುರ್ಚಿ ಗಟ್ಟಿಯಾಗಿದೆಯಾ, ಅಲ್ಲಾಡ್ತಿಲ್ಲ ತಾನೆ?" ಅಂತ ಕೇಳಿ. ಏನನ್ನೂ ಮಾರಬೇಡಿ. ನಮ್ಮಲ್ಲಿ ಹೊಸ ಕೆಲಸ ಹೆಚ್ಚಾಗಿ ಬರುವುದು ಈ ಫೋನುಗಳಿಂದ.

ಇನ್ನೊಂದು: ಕುರ್ಚಿಯ ಆಸನದ ಕೆಳಗೆ, ಮೇಜಿನ ಹಲಗೆಯ ಅಡಿಗೆ ನಿಮ್ಮ ಹೆಸರು, ನಂಬರ್, ಹೆಣಿಗೆ ಹಾಕಿದ ತಿಂಗಳು ವರ್ಷ ಇರುವ ಸಣ್ಣ ಚೀಟಿ ಅಂಟಿಸಿ. ಎಷ್ಟು ವರ್ಷ ಬಿಟ್ಟು ಬೆತ್ತ ಸಡಿಲವಾದರೂ ಕುರ್ಚಿ ತಿರುಗಿಸಿದವರಿಗೆ ನಂಬರ್ ಸಿಗುತ್ತದೆ. ಆ ಕುರ್ಚಿ ಬೇರೆ ಮನೆಗೆ ಹೋಗಿದ್ದರೂ ಸಿಗುತ್ತದೆ. ಅದಕ್ಕೆ ಆ ನಂಬರನ್ನು ಮಾತ್ರ ಯಾವತ್ತೂ ಬದಲಾಯಿಸಬಾರದು.

ಬೆತ್ತದ_ಕುರ್ಚಿ:

ಎಲ್ಲರಿಗೂ ಮನಸಾರೆ ವಂದನೆ. ತಮ್ಮನ ಜೊತೆ ಕೂತು ಬಿಲ್ ಪುಸ್ತಕ ಪೂರ್ತಿ ನೋಡಿದೆವು. ಬೆತ್ತದ ಕೆಲಸವನ್ನು ನಾವು ಚಿಲ್ಲರೆ ಕೆಲಸ ಅಂದುಕೊಂಡಿದ್ದೆವು. ಜಾಗದ ಲೆಕ್ಕ ಹಾಕಿದರೆ ಅದೇ ಮೇಲೆ ಬಂತು. ಹೆಣಿಗೆ ಹಾಕುವ ಕುರ್ಚಿಗಳನ್ನು ಗೋಡೆಗೆ ನೇತುಹಾಕಿ ಇಡುತ್ತೇವೆ, ನೆಲವೇ ಬೇಡ. ಇನ್ನೂ ಆಶ್ಚರ್ಯ ಏನೆಂದರೆ ಒಂದೇ ಒಂದು ಬೆತ್ತದ ಕುರ್ಚಿ ಹಿಡಿದು ಬಂದವರೇ ಆಮೇಲೆ ಮಂಚ, ಮೇಜು ತಂದಿದ್ದಾರೆ. ಕೆಲಸ ಹೇಗಿದೆ ಅಂತ ಸಣ್ಣದರಲ್ಲಿ ನೋಡಿ ದೊಡ್ಡದನ್ನು ಕೊಟ್ಟಿದ್ದಾರೆ. ತಮ್ಮನಿಗೂ ಇದು ಮನವರಿಕೆ ಆಗಿದೆ.

ಸರ್, ಎಷ್ಟು ಖರ್ಚು ಮಾಡಬೇಕು ಎಂಬುದು ಮಾತ್ರ ಇನ್ನೂ ಗೊಂದಲ. ಆದಾಯದ ಇಷ್ಟು ಶೇಕಡಾ ಅಂತ ಕೆಲವರು ಹೇಳುತ್ತಾರೆ.

ಅಚ್ಚುಮೊಳೆ:

ಬೆತ್ತವೇ ಬಾಗಿಲು ಅಂತ ಗೊತ್ತಾಯಿತಲ್ಲ, ವರ್ಷದ ಯೋಜನೆಯ ಅರ್ಧ ಅಲ್ಲೇ ಆಯಿತು. ಫೋಟೋ, ಪ್ರೊಫೈಲ್, ಚೀಟಿ, ಜಾಹೀರಾತು, ಎಲ್ಲದರ ಮುಂಭಾಗದಲ್ಲೂ ಅದೇ ಇರಲಿ.

ಶೇಕಡಾವಾರು ಸೂತ್ರವನ್ನು ನಾನು ನಂಬುವುದಿಲ್ಲ. ಅದು ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ನೋಡುವುದೇ ಇಲ್ಲ. ಹೀಗೆ ಮಾಡಿ. ಒಂದು ಸರಾಸರಿ ಕೆಲಸದ ಬಿಲ್ಲನ್ನು 100 ಪಾಲು ಅಂದುಕೊಳ್ಳಿ. ಉದಾಹರಣೆಗೆ ಸರಕಿಗೆ 30, ನಿಮ್ಮಿಬ್ಬರ ಕೂಲಿಗೆ 40, ಬಾಡಿಗೆ ಕರೆಂಟಿಗೆ 12 ಹೋದರೆ ಉಳಿದದ್ದು 18. ನಿಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು, ಇಲ್ಲದಿದ್ದರೆ ಲಾಭ ಇದ್ದ ಹಾಗೆ ಕಾಣುತ್ತದೆ, ಇರುವುದಿಲ್ಲ. ಈ 18ರಲ್ಲಿ ಒಬ್ಬ ಹೊಸ ಗಿರಾಕಿಯನ್ನು ತರಲು ಎಷ್ಟು ಬಿಟ್ಟುಕೊಡಬಲ್ಲಿರಿ? 6 ಅಂತ ಇಟ್ಟುಕೊಳ್ಳಿ. ಅದು ಮೇಲ್ಮಿತಿ.

ಈಗ ಜಾಹೀರಾತು ಹಾಕಿದಿರಿ, 20 ಜನ ಫೋನ್ ಮಾಡಿದರು, 5 ಜನ ಕೆಲಸ ಕೊಟ್ಟರು. ಖರ್ಚನ್ನು 5ರಿಂದ ಭಾಗಿಸಬೇಕು, 20ರಿಂದ ಅಲ್ಲ. ಜಾಹೀರಾತಿನವರು ತೋರಿಸುವುದು 20ರ ಲೆಕ್ಕ, ಕೆಲವರು ನೋಡಿದವರ ಲೆಕ್ಕವನ್ನೇ ತೋರಿಸುತ್ತಾರೆ. ಒಬ್ಬರಿಗೆ ಬಿದ್ದ ಖರ್ಚು ನಿಮ್ಮ 6 ಪಾಲಿನೊಳಗೆ ಇದ್ದರೆ ಮುಂದುವರಿಸಿ. ಮೀರಿದರೆ ನಿಲ್ಲಿಸಿ, ಫೋಟೋ ಬದಲಾಯಿಸಿ ಇನ್ನೊಮ್ಮೆ ನೋಡಿ, ಆಗಲೂ ಮೀರಿದರೆ ಆ ದಾರಿ ಬಿಡಿ. ನಿಲ್ಲಿಸುವ ಗೆರೆಯನ್ನು ಹಾಕುವ ಮೊದಲೇ ಬರೆದಿಟ್ಟುಕೊಳ್ಳಿ. ದುಡ್ಡು ಹಾಕಿದ ಮೇಲೆ ಇನ್ನೊಂದು ವಾರ ನೋಡೋಣ ಎನಿಸುತ್ತದೆ, ಅದು ಎಲ್ಲರಿಗೂ ಅನಿಸುವುದೇ.

ಬೆತ್ತದ ವಿಷಯದಲ್ಲಿ ಮಿತಿ ಸ್ವಲ್ಪ ಸಡಿಲ ಇರಲಿ. ಅದರ ಹಿಂದೆಯೇ ಮಂಚ ಬರುತ್ತದೆ ಅಂತ ನಿಮ್ಮ ಪುಸ್ತಕವೇ ಹೇಳುತ್ತಿದೆ.

ಮೂರು ತಿಂಗಳಿಗೊಮ್ಮೆ ಬಿಲ್ ಪುಸ್ತಕದ ಜೊತೆ ಯೋಜನೆಯನ್ನು ಹೋಲಿಸಿ. ಪ್ರತಿ ವಾರ ನೋಡಿದರೆ ಗಾಬರಿಯಾಗುತ್ತದೆ, ವರ್ಷಕ್ಕೊಮ್ಮೆ ನೋಡಿದರೆ ತಡವಾಗಿರುತ್ತದೆ. ಮತ್ತೆ ಆ ಜಾಹೀರಾತಿನ ವಾರಗಳಲ್ಲಿ ಫೋನ್ ಯಾರು ಎತ್ತುತ್ತಾರೆ ಎಂಬುದನ್ನು ಮೊದಲೇ ಗೊತ್ತು ಮಾಡಿ. ನೀವು ಹೆಣಿಗೆಯಲ್ಲಿ ಕೂತಿದ್ದರೆ ಕೈ ಒದ್ದೆ, ತಮ್ಮ ಯಂತ್ರದ ಸದ್ದಿನಲ್ಲಿ. ಎತ್ತದ ಕರೆಗೂ ಜಾಹೀರಾತಿನ ದುಡ್ಡು ಹೋಗಿರುತ್ತದೆ.

ಪಿಕ್ಸೆಲ್_ಪಯಣ:

ಅಕ್ಕ, ಯಾರಿಗೆ ಕೆಲಸ ಒಪ್ಪಿಸಿದರೂ ಪೇಜು, ಜಾಹೀರಾತು ಖಾತೆ, ಗೂಗಲ್ ಪ್ರೊಫೈಲ್ ಎಲ್ಲದರ ಮಾಲೀಕತ್ವ ನಿಮ್ಮ ಇಮೇಲಿನಲ್ಲೇ ಇರಲಿ, ಅವರಿಗೆ ಮ್ಯಾನೇಜರ್ ಅನುಮತಿ ಮಾತ್ರ ಕೊಡಿ. ಗಿರಾಕಿಗಳ ಹೆಸರು ನಂಬರುಗಳ ಪಟ್ಟಿ ನಿಮ್ಮದೇ ಪುಸ್ತಕದಲ್ಲೂ ಇರಲಿ. ಬಿಸಿನೆಸ್ ಪ್ರೊಫೈಲಿನಲ್ಲೇ ಉಚಿತವಾಗಿ ವೆಬ್‌ಸೈಟ್ ಮಾಡಿಕೊಳ್ಳುವ ಸೌಲಭ್ಯವನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಅದೊಂದನ್ನೇ ನಂಬಿಕೊಂಡಿದ್ದವರು ಹೊಸದಾಗಿ ಜಾಗ ಹುಡುಕಬೇಕಾಯಿತು.

ಬೆತ್ತದ_ಕುರ್ಚಿ:

ಆಯಿತು. ಪ್ಯಾಕೇಜಿನವರಿಗೆ ವರ್ಷದ ಒಪ್ಪಂದ ಬೇಡ ಅಂತ ಹೇಳುತ್ತೇವೆ. ಅವರು ಫೋಟೋ ಚೆನ್ನಾಗಿ ತೆಗೆಯುತ್ತಾರೆ, ಅದಕ್ಕೆ ಗದ್ದಲದ ತಿಂಗಳಲ್ಲಿ ಬಂದು ಫೋಟೋ ಮಾತ್ರ ತೆಗೆದುಕೊಡಲು ಒಪ್ಪುತ್ತಾರಾ ಎಂದು ಕೇಳುತ್ತೇನೆ. ದಿನಾಂಕ ಬರೆಯುವ ಪುಸ್ತಕ ಶುರು ಮಾಡಿ ಆಗಿದೆ. ಚೀಟಿಯನ್ನು ಮರಕ್ಕೆ ಅಂಟಿಸಿದರೆ ತೇವಕ್ಕೆ ಏಳುತ್ತದೆ ಅಂತ ತಮ್ಮ ಹೇಳುತ್ತಿದ್ದಾನೆ. ಸೂಜಿದಾರ ಅವರೇ, ನೀವು ಬಟ್ಟೆಯ ಲೇಬಲ್ ಬಳಸುತ್ತೀರಾ? ನೀರು ತಾಗಿದರೆ ಅದರ ಅಕ್ಷರ ಅಳಿಸುವುದಿಲ್ಲ ತಾನೆ?

ಸೂಜಿದಾರ:

ನೇಯ್ದ ಲೇಬಲ್ ಮಾಡಿಸಿ, ಅಕ್ಷರ ನೂಲಿನಲ್ಲೇ ಇರುತ್ತದೆ, ಅಳಿಸುವುದಿಲ್ಲ. ಹೆಸರು, ನಂಬರ್ ನೇಯಿಸಿ, ತಿಂಗಳು ವರ್ಷಕ್ಕೆ ಖಾಲಿ ಜಾಗ ಬಿಡಿಸಿ, ಬಟ್ಟೆಯ ಮೇಲೆ ಬರೆಯುವ ಪೆನ್ನಿನಲ್ಲಿ ನೀವೇ ಬರೆಯಿರಿ. ಕುಶನ್ ಇದ್ದರೆ ಹೊಲಿಗೆಯಲ್ಲೇ ಸೇರಿಸಿ. ಬರೀ ಮರವಾದರೆ ಸಣ್ಣ ಮೊಳೆ ಹೊಡೆಯಿರಿ, ಅಂಟು ಬೇಡ.